ಕತ್ತಲೆಕಾನಿನ ಜಡ್ಡಿ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಇವತ್ತು ರಾಮಪತ್ರೆ ಜಡ್ಡಿಯ, ಅಂದರೆ ಕಾಡುಜಾಯಿಕಾಯಿ ಜಾತಿಯ ಮರಗಳಿರುವ ಜೌಗು ನೆಲದ, ಅಂಚಿನವರೆಗೆ ಹೋಗಿದ್ದೆ. ಮಳೆ ನಿಂತು ತಿಂಗಳುಗಳಾದರೂ ಅಲ್ಲಿ ನೆಲ ಜಿನುಗುತ್ತಲೇ ಇದೆ. ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಹಾಗಾಗಿ ಬೇರುಗಳು ಮಡಚಿದ ಮೊಣಕಾಲಿನಂತೆ ಮೇಲೆದ್ದು, ಉಸಿರೆಳೆದುಕೊಂಡು, ಮತ್ತೆ ಕೆಸರಿಗಿಳಿಯುತ್ತವೆ. ಅಂಥದೊಂದು ಬೇರಿನ ಮೇಲೆ ದಪ್ಪ ಪಾಚಿ. ಪಾಚಿಯ ಮೇಲೆ ಬಾಯಿಬಿಟ್ಟ ಕಾಯಿ. ಒಳಗೆ ಬೀಜವನ್ನು ಬಿಗಿಯಾಗಿ ಸುತ್ತಿಕೊಂಡ ಕೆಂಪು ಪತ್ರೆ. ಮಂಗಟ್ಟೆ ಹಕ್ಕಿ ಇದನ್ನು ಬೀಜಸಮೇತ ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ದೂರದಲ್ಲಿ ಉಗುಳುತ್ತದೆ. ಒಣಗಿದರೆ ಆ ಬೀಜ ಸತ್ತಂತೆಯೇ.

ಗೇರಿನ ಕುಟುಂಬದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ವಿಜ್ಞಾನ ಹೆಸರಿಟ್ಟದ್ದು 2000ದಲ್ಲಿ, ಇದೇ ಕಾಡಿನಲ್ಲಿ ಸಿಕ್ಕ ಮರದಿಂದ. ಅಷ್ಟು ಎತ್ತರದ ಮರ ಅಲ್ಲಿಯವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ!

ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾಗಿವೆ, ಅಡಿಕೆ ತೋಟವಾಗಿವೆ. ಅಡಿಕೆಯಿಂದಲೇ ಬದುಕುವ ಮನೆಯವನು ನಾನು, ತೋಟವನ್ನು ಹಳಿಯಲಾರೆ. ಆದರೆ ಮೇಲಿನ ಹಳ್ಳಕ್ಕೆ ಪೈಪು ಹಾಕುವಾಗ, ಬೇಸಿಗೆಯಲ್ಲಿ ಕೆಳಗಿನ ಜಡ್ಡಿಗೂ ನೀರು ಉಳಿಯುತ್ತದೆಯೇ ಎಂದು ನೋಡುವುದು ಅಷ್ಟು ಕಷ್ಟವೇ?