ಮಧ್ಯಾಹ್ನ ಎರಡರ ಗುಳಿಗೆ

ಮುಂಬೈನ ಧಾರಾವಿಯ ಒಂದು ಮೆಡಿಕಲ್‌ನಲ್ಲಿ ನಾನು ಫಾರ್ಮಸಿಸ್ಟ್. ಕಲಬುರಗಿ ಕಡೆಯ ಒಬ್ಬ ಅವ್ವ ನಮ್ಮಲ್ಲಿ ಔಷಧಿ ತಗೊಳ್ಳುತ್ತಾರೆ. ಹೃದಯ ಸೋತು ಕಾಲಲ್ಲಿ ನೀರು ತುಂಬುವ ತೊಂದರೆ. ಚೀಟಿಯಲ್ಲಿ ಫ್ಯುರೋಸಮೈಡ್, ಅಂದರೆ ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಗುಳಿಗೆ, ಬೆಳಿಗ್ಗೆ ಒಂದು. ಹತ್ತು ದಿನದ ಸ್ಟ್ರಿಪ್ ತಿಂಗಳಾದರೂ ಮುಗಿದಿರಲಿಲ್ಲ. ಊದಿದ ಪಾದದಲ್ಲಿ ಚಪ್ಪಲಿ ಪಟ್ಟಿಯ ಗುರುತು ಕುಳಿಯಂತೆ ಬಿದ್ದಿತ್ತು.

"ಹಿಂಗ್ ಮಾಡಿದ್ರ ಹೆಂಗ್ರೀ ಅವ್ವಾ?" ಅಂತ ಎರಡು ಸಲ ಬೈದೆ. ಅವರು ತಲೆ ತಗ್ಗಿಸಿ ಸುಮ್ನೆ ಹೋದರು.

ಮೂರನೇ ಸಲ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಸ್ಟೂಲ್ ಕೊಟ್ಟು ಕೂರಿಸಿದೆ. ಗುಳಿಗೆ ಮಾತು ಬಿಟ್ಟು, ದಿನವೆಲ್ಲ ಏನೇನು ಮಾಡ್ತೀರಿ ಅಂತ ಕೇಳಿದೆ.

"ಆರಕ್ಕ ಮನಿ ಬಿಡ್ತೀನಿ. ನಾಕು ಮನಿ ಭಾಂಡಿ. ಗುಳಿಗಿ ನುಂಗಿದ್ರ ಘಳಿಗಿ ಘಳಿಗಿಗೆ ಹೋಗ್ಬೇಕಾಗ್ತದ. ಅವ್ರ ಬಾತ್‌ರೂಮಿಗೆ ನಮ್ಮನ್ನ ಬಿಡಂಗಿಲ್ಲ, ಯವ್ವಾ."

ನನಗೆ ಮಾತೇ ಹೊರಡಲಿಲ್ಲ. ಈ ಗುಳಿಗೆ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಆರೆಂಟು ಗಂಟೆ ನಡೆಯುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಆರೆಂಟು ಗಂಟೆ ಒಬ್ಬ ಹೆಂಗಸು ಎಲ್ಲಿರುತ್ತಾಳೆ ಅಂತ ಯೋಚಿಸಿರಲಿಲ್ಲ. ಸಂಜೆ ನುಂಗಿದರೆ ರಾತ್ರಿ ಎದ್ದು ಕತ್ತಲ ಗಲ್ಲಿ ದಾಟಿ ಸಾರ್ವಜನಿಕ ಸಂಡಾಸಿಗೆ ಹೋಗಬೇಕು. ಅದೂ ಆಗದ ಮಾತು.

ಹೊತ್ತು ಬದಲಿಸುವ ಅಧಿಕಾರ ನನ್ನದಲ್ಲ. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ. ಮನೆಗೆಲಸ ಒಂದು ಗಂಟೆಗೆ ಮುಗಿಯುತ್ತದೆ ಅಂದಾಗ, ಎರಡಕ್ಕೆ ಕೊಡಿ ಅಂದರು. ಮಧ್ಯಾಹ್ನ ಸಂಡಾಸಿನ ಮುಂದೆ ಸಾಲು ಇರುವುದಿಲ್ಲ. ಮಲಗುವ ಹೊತ್ತಿಗೆ ಗುಳಿಗೆಯ ಜೋರೂ ಇಳಿದಿರುತ್ತದೆ.

ರೋಗಿಗೆ ಔಷಧಿಯ ಬಗ್ಗೆ ತಿಳಿಸಿ ಹೇಳುವುದು ನಮ್ಮ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. ನಾನು ಹೇಳುತ್ತಿದ್ದೆ, ಕೇಳುತ್ತಿರಲಿಲ್ಲ. ಈಗ ಇನ್ಸುಲಿನ್ ಕೊಡುವ ಮೊದಲು ಫ್ರಿಜ್ ಇದೆಯಾ ಅಂತ ಕೇಳುತ್ತೇನೆ. ಇಲ್ಲದವರಿಗೆ ಮಣ್ಣಿನ ಮಡಕೆಯನ್ನು ಒದ್ದೆಯಾಗಿಟ್ಟು, ಬಾಟಲಿ ನೆನೆಯದ ಹಾಗೆ ಅದರೊಳಗೆ ಇಡುವುದನ್ನು ತೋರಿಸುತ್ತೇನೆ. ಬಿಪಿಗೆ ಐದೇ ಗುಳಿಗೆ ಕೇಳಿದರೆ ಆ ದಿನ ಕೈಯಲ್ಲಿ ದುಡ್ಡಿಲ್ಲ ಅಂತಲೇ ಅರ್ಥ, ಅಲ್ವಾ? ಅಂಥವರಿಗೆ ಜನೌಷಧಿ ಕೇಂದ್ರದ ದಾರಿ ಹೇಳುತ್ತೇನೆ. ಮಾಲೀಕರಿಗೆ ಇದು ಹಿಡಿಸುವುದಿಲ್ಲ. ಆದರೂ ಹೇಳುತ್ತೇನೆ.

ಕಳೆದ ವಾರ ಅವ್ವ ಖಾಲಿ ಸ್ಟ್ರಿಪ್ ತಂದು ಕೌಂಟರ್ ಮೇಲಿಟ್ಟರು. ಊತ ಅರ್ಧ ಇಳಿದಿದೆ. ಆ ನಾಲ್ಕು ಮನೆಗಳ ಬಾತ್‌ರೂಮಿಗೆ ಮಾತ್ರ ಅವರನ್ನು ಈಗಲೂ ಬಿಡುವುದಿಲ್ಲ.