ಪರದೆಯ ಮೇಲೆ ಬಂದ 146

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಸೇರಿ ಲ್ಯಾಬಿಗೆ ಕೊಟ್ಟ ಸಾಮಾನುಗಳಲ್ಲಿ ಒಂದು ವೈರ್‌ಲೆಸ್ ಬಿಪಿ ಸೆನ್ಸರ್ ಇತ್ತು. ತೋಳಿಗೆ ಸುತ್ತುವ ಪಟ್ಟಿ, ಗಾಳಿ ತುಂಬುವ ರಬ್ಬರ್ ಬಲ್ಬು, ಅಂಗೈಯಗಲದ ಒಂದು ಡಬ್ಬಿ. ಅಳತೆ ಬ್ಲೂಟೂತ್‌ನಲ್ಲಿ ನನ್ನ ಫೋನಿಗೆ ಬರುತ್ತದೆ, ಫೋನಿನಿಂದ ಪ್ರೊಜೆಕ್ಟರಿಗೆ. ರಕ್ತ ಪರಿಚಲನೆಯ ಪಾಠ ಶುರುವಾಗುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ನನ್ನ ತೋಳಿಗೇ ನಾಲ್ಕು ಸಲ ಕಟ್ಟಿ ನೋಡಿದೆ. ಚೆನ್ನಾಗಿಯೇ ನಡೆಯಿತು. ಬೇರೆ ತಯಾರಿ ಬೇಡವೆಂದುಕೊಂಡೆ.

ಮರುದಿನ ಮಧ್ಯಾಹ್ನ ಊಟ ಕಳೆದ ಮೊದಲ ಪೀರಿಯಡ್. ಮಕ್ಕಳು ಆಗಷ್ಟೇ ಮೈದಾನದಿಂದ ಓಡಿ ಬಂದಿದ್ದರು. "ಯಾರು ಬರ್ತೀರಿ?" ಎಂದು ಕೇಳಿದಾಗ ಮೊದಲು ಕೈಯೆತ್ತಿದ ಹುಡುಗಿಯನ್ನು ಎದುರಿಗೆ ಕರೆದು, ನಿಲ್ಲಿಸಿಯೇ ಪಟ್ಟಿ ಕಟ್ಟಿದೆ. ಕೈ ಕೆಳಗೆ ಜೋತಾಡುತ್ತಿತ್ತು. ಗೆಳತಿಯರೊಡನೆ ಮಾತು, ನಗು ನಿಂತಿರಲಿಲ್ಲ. ಪರದೆಯ ಮೇಲೆ ದೊಡ್ಡದಾಗಿ 146 ಬಂತು, ಅದರ ಕೆಳಗೆ 88. ಹಿಂದಿನ ಬೆಂಚಿನಿಂದ ಒಬ್ಬ, "ಇವಳಿಗೆ ಪ್ರೆಶರ್ ಉಂಟು!" ಎಂದ. ನಾನು "ಎಂತದ್ದೂ ಇಲ್ಲ" ಎಂದು ಪಟ್ಟಿ ಬಿಚ್ಚಿ ಮುಂದಿನವನನ್ನು ಕರೆದೆ.

ಸಂಜೆ ಅವಳ ಅಮ್ಮನ ಫೋನ್ ಬಂತು. "ಟೀಚರೆ, ಮಗಳಿಗೆ ಬಿಪಿ ಜಾಸ್ತಿ ಉಂಟಂತೆ? ಅವಳ ಅಜ್ಜಿ ಬಿಪಿಯಿಂದಲೇ ಸ್ಟ್ರೋಕ್ ಆಗಿ ಮಲಗಿದ್ದು. ಬಂದಾಗಿನಿಂದ ಅಳ್ತಾ ಇದ್ದಾಳೆ, ಊಟ ಮಾಡ್ಲಿಲ್ಲ." ನನಗೆ ಮಾತೇ ಹೊರಡಲಿಲ್ಲ. ಕ್ಲಾಸಿನ ಸೆನ್ಸರ್ ಪಾಠಕ್ಕೆಂದು ಮಾಡಿದ್ದು, ರೋಗ ಪತ್ತೆಗಲ್ಲ, ನಾನು ಅಳೆದ ರೀತಿಯೂ ತಪ್ಪು ಎಂದು ವಿವರಿಸಿ ಕ್ಷಮೆ ಕೇಳಿದೆ. ಶನಿವಾರ ಅವರ ಜೊತೆ ನಾನೂ ಆಸ್ಪತ್ರೆಗೆ ಹೋದೆ. ನರ್ಸ್ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಧಾರ ಕೊಟ್ಟು, ಕೈಯನ್ನು ಮೇಜಿನ ಮೇಲೆ ಇಡಿಸಿ ಅಳೆದರು. 108. ಅಷ್ಟು ಹೊತ್ತು ಬಿಗಿಹಿಡಿದ ಉಸಿರನ್ನು ಆ ಹುಡುಗಿ ಬಿಟ್ಟದ್ದು ಈಗಲೂ ಕಣ್ಣ ಮುಂದಿದೆ.

ಓಡಿ ಬಂದದ್ದು, ನಿಂತದ್ದು, ಮಾತಾಡಿದ್ದು, ಆಧಾರವಿಲ್ಲದ ಕೈ, ನಲವತ್ತು ಜನ ನೋಡುತ್ತಿದ್ದಾರೆಂಬ ಅಳುಕು. ಒಂದೊಂದೂ ಅಳತೆಯನ್ನು ಕೆಡಿಸುವಂಥದ್ದೇ. ಇದೆಲ್ಲ ನನಗೆ ಗೊತ್ತಿದ್ದ ವಿಷಯ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ: ವೈರ್ ಇಲ್ಲದ ಸಾಧನದ ದೊಡ್ಡ ಉಪಕಾರವೇ ಮಗು ತನ್ನ ಬೆಂಚಿನಲ್ಲಿ ಕೂತು ಅಳೆಸಿಕೊಳ್ಳಬಹುದೆನ್ನುವುದು. ಅದನ್ನು ಬಿಟ್ಟು ನಾನು ಅವಳನ್ನು ಎಲ್ಲರೆದುರು ತಂದು ನಿಲ್ಲಿಸಿದ್ದೆ.

ಸೋಮವಾರ ಮೊದಲು ಕ್ಲಾಸಿಗೆ ನನ್ನ ತಪ್ಪನ್ನು ಹೇಳಿದೆ. ಆಮೇಲೆ ಕುರ್ಚಿಯಲ್ಲಿ ಕುಳಿತು ನನ್ನ ತೋಳನ್ನು ಮಕ್ಕಳಿಗೆ ಒಪ್ಪಿಸಿದೆ. ಈ ಸಲ ಸಂಖ್ಯೆಯ ಭಾಗವನ್ನು ಮುಚ್ಚಿ ಗ್ರಾಫ್ ಮಾತ್ರ ತೋರಿಸಿದೆ. ಪಾಠ ಇದ್ದದ್ದು ಅಲ್ಲಿ. ಪಟ್ಟಿಯ ಗಾಳಿ ಮೆಲ್ಲನೆ ಇಳಿಯುವಾಗ ಗೆರೆ ನುಣ್ಣಗೆ ಇಳಿಯುವುದಿಲ್ಲ. ಒಂದು ಹಂತದಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತವೆ, ದೊಡ್ಡದಾಗುತ್ತವೆ, ಮತ್ತೆ ಕರಗುತ್ತವೆ. ಪ್ರತಿ ಅಲೆಯೂ ಒಂದು ನಾಡಿಮಿಡಿತ. ಅಲೆ ಅತಿ ದೊಡ್ಡದಾಗುವಲ್ಲಿ ಇರುವುದು ಸರಾಸರಿ ಒತ್ತಡ. ಮೇಲಿನ (ಹೃದಯ ಹಿಂಡುವಾಗಿನ), ಕೆಳಗಿನ (ಅದು ಸಡಿಲವಾದಾಗಿನ) ಸಂಖ್ಯೆಗಳನ್ನು ಸಾಧನ ಈ ಅಲೆಗಳ ಏರಿಳಿತದಿಂದ ಲೆಕ್ಕ ಹಾಕಿ ಹೇಳುತ್ತದೆ. 1905ರಲ್ಲಿ ರಷ್ಯದ ವೈದ್ಯ ಕೊರೊಟ್ಕಾಫ್ ಕಂಡುಕೊಂಡ, ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿ ಅಳೆಯುವ ಕ್ರಮ ಇದಲ್ಲ. ನಾನು ಬೆರಳು ಆಡಿಸಿದಾಗ ಗ್ರಾಫಿನಲ್ಲಿ ಒಂದು ಅಡ್ಡಾದಿಡ್ಡಿ ಗುಬ್ಬು ಎದ್ದಿತು. ಅಲುಗಾಡಬಾರದೆಂದು ಯಾಕೆ ಹೇಳುತ್ತಾರೆಂದು ಮತ್ತೆ ಯಾರಿಗೂ ವಿವರಿಸಬೇಕಾಗಲಿಲ್ಲ.

ನನ್ನದು 118, 76. ಕೆಳಗಿನದಕ್ಕೆ ವ್ಯತ್ಯಾಸದ ಮೂರನೇ ಒಂದು ಪಾಲು ಸೇರಿಸಿದರೆ ಸರಾಸರಿ ಒತ್ತಡ ಸುಮಾರು 90. ಗ್ರಾಫಿನಲ್ಲಿ ದೊಡ್ಡ ಅಲೆ ಇದ್ದದ್ದೂ ಅಲ್ಲೇ ಹತ್ತಿರ.

ಬಳಿಕ ಕೈಯ ಎತ್ತರದ ಪ್ರಯೋಗ. ನಾನೇ ಎತ್ತಿ ಹಿಡಿದರೆ ಸ್ನಾಯು ಬಿಗಿಯುತ್ತದೆಂದು ಇಬ್ಬರು ಹುಡುಗಿಯರು ನನ್ನ ಕೈಯನ್ನು ಆಧರಿಸಿ ಮೇಲೆತ್ತಿದರು. ಪಟ್ಟಿ ಮೊದಲಿಗಿಂತ 22 ಸೆಂಟಿಮೀಟರ್ ಮೇಲಿತ್ತು. 118 ಇದ್ದದ್ದು 100ಕ್ಕೆ ಇಳಿಯಿತು. ಹೃದಯದ ಮಟ್ಟದಿಂದ 10 ಸೆಂಟಿಮೀಟರ್ ಏರಿದರೆ ಸುಮಾರು 8 ಮಿಲಿಮೀಟರ್ ಪಾದರಸದಷ್ಟು ಇಳಿಯಬೇಕು, ಹೆಚ್ಚುಕಡಿಮೆ ಹಾಗೆಯೇ ಬಂತು. ನಮ್ಮ ಮಕ್ಕಳಲ್ಲಿ ಹಲವರ ಮನೆಯಲ್ಲಿ ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಟ್ಯಾಂಕಿಯಲ್ಲಿ ನಿಲ್ಲಿಸಿ ಕೆಳಗಿನ ಅಡಿಕೆ ತೋಟಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ಮಾತೇ ಆಡದ ಒಬ್ಬ ಹುಡುಗ ಎದ್ದು, "ಟೀಚರ್, ನಮ್ಮಲ್ಲಿ ಕೆಳಗಿನ ತಟ್ಟಿನ ಸ್ಪ್ರಿಂಕ್ಲರ್ ಜೋರು ತಿರುಗ್ತದೆ, ಮೇಲಿನದ್ದು ಮೆಲ್ಲ. ಅದೇ ಅಲ್ವಾ ಇದು?" ಎಂದ. ಅದೇ. ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿ ಇರಲಿಲ್ಲ.

ಒತ್ತಡವನ್ನು ಪಾದರಸದ ಎತ್ತರದಲ್ಲಿ ಹೇಳುವುದು ಯಾಕೆ, ನೀರಿನಲ್ಲಿ ಯಾಕಲ್ಲ ಎಂಬ ಪ್ರಶ್ನೆಗೆ ಗೋಡೆಯಲ್ಲಿ 163 ಸೆಂಟಿಮೀಟರ್ ಎತ್ತರಕ್ಕೆ ಚಾಕಿನಿಂದ ಗೆರೆ ಎಳೆದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. 120 ಮಿಲಿಮೀಟರ್ ಪಾದರಸದ ಒತ್ತಡ ನೀರನ್ನು ಅಷ್ಟೆತ್ತರಕ್ಕೆ ಎತ್ತಬಲ್ಲದು. ಒಬ್ಬೊಬ್ಬರೇ ಬಂದು ಗೆರೆಯ ಕೆಳಗೆ ನಿಂತು ನೋಡಿದರು. ಇಂಗ್ಲೆಂಡಿನ ಪಾದ್ರಿ, ವಿಜ್ಞಾನಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗಿಂತ ಮೇಲೇರಿತು, 1733ರಲ್ಲಿ ಅದನ್ನು ಪ್ರಕಟಿಸಿದ ಎಂದಾಗ ಎಲ್ಲರೂ ಮೇಲೆ ಮಾಡಿನತ್ತ ನೋಡಿದರು.

ಈಗ ಮಕ್ಕಳ ಸರದಿ ಬಂದಾಗ ಪ್ರೊಜೆಕ್ಟರ್ ಆಫ್. ಬೇಕೆನ್ನುವವರು ಮಾತ್ರ, ತಮ್ಮ ಬೆಂಚಿನಲ್ಲೇ, ಐದು ನಿಮಿಷ ಕೂತ ಮೇಲೆ. ಸಂಖ್ಯೆ ಅವರ ಪುಸ್ತಕದಲ್ಲಿ ಉಳಿಯುತ್ತದೆ, ಬೋರ್ಡಿಗೆ ಬರುವುದು ವಿಶ್ರಾಂತಿಗೂ ಓಟಕ್ಕೂ ನಡುವಿನ ವ್ಯತ್ಯಾಸ ಮಾತ್ರ, ಹೆಸರಿಲ್ಲದೆ. ನಮ್ಮಲ್ಲಿರುವುದು ದೊಡ್ಡವರ ಅಳತೆಯ ಪಟ್ಟಿ. ಸಪುರ ತೋಳಿಗೆ ಅದು ಕಡಿಮೆ ತೋರಿಸುತ್ತದೆ, ಆದ್ದರಿಂದ ಇಬ್ಬರ ಸಂಖ್ಯೆಗಳನ್ನು ಹೋಲಿಸಲು ಬಿಡುವುದಿಲ್ಲ.

ಆ ಹುಡುಗಿಯನ್ನು ಮತ್ತೆ ಕರೆಯಲು ನನಗೆ ಧೈರ್ಯವಿರಲಿಲ್ಲ. ಎರಡು ವಾರ ಕಳೆದು ಅವಳೇ ಬಂದು ನನ್ನ ತೋಳಿಗೆ ಪಟ್ಟಿ ಕಟ್ಟಿದಳು. ಮೊಣಕೈಯ ಅಡಿಗೆ ಎರಡು ಪುಸ್ತಕ ಇಟ್ಟು, ಎದೆಯ ಮಟ್ಟ ನೋಡಿ, ಇನ್ನೊಂದು ಇಟ್ಟಳು. ನಾನು ಏನೋ ಹೇಳಹೊರಟೆ. ಬಲ್ಬನ್ನು ಕೈಯಲ್ಲಿ ಹಿಡಿದೇ ಅವಳು ಹೇಳಿದಳು, "ಟೀಚರ್, ಮಾತಾಡ್ಬೇಡಿ."