ಮದುವೆ ಹೊತ್ತಿಗೆ ಬಂದರೆ ಸಾಕಲ್ವಾ?

ನಾನು ಮದುವೆ ಫೋಟೊ ತೆಗೆಯುವವಳು. ಮದುವೆ ಮನೆಯವರು ನನ್ನನ್ನು ತುಂಬ ಸಲ ಕೇಳುವ ಪ್ರಶ್ನೆ ಇದು: "ಅಷ್ಟು ಬೇಗ ಬಂದು ಏನು ಮಾಡ್ತೀರಿ? ಮದುವೆ ಹೊತ್ತಿಗೆ ಬಂದರೆ ಸಾಕಲ್ವಾ?"

ಸಾಲದು. ಒಂದು ಕಾಲಕ್ಕೆ ಅದು ಸರಿಯಿತ್ತು. 1839ರಲ್ಲಿ ಫ್ರಾನ್ಸಿನ ಡಾಗೇರ್ ಫೋಟೊ ತೆಗೆಯುವ ತನ್ನ ವಿಧಾನ ಹೊರಗೆ ತಂದಾಗ ಒಂದು ಫೋಟೊಗೆ ಅಲುಗಾಡದೆ ತುಂಬ ಹೊತ್ತು ಕೂರಬೇಕಿತ್ತು. ಮದುವೆ ಬಟ್ಟೆ ಹಾಕಿಕೊಂಡು ಸ್ಟುಡಿಯೊಗೆ ಹೋಗಿ ತೆಗೆಸಿಕೊಂಡ ಒಂದು ಚಿತ್ರವೇ ಮದುವೆ ಫೋಟೊ. 1925ರಲ್ಲಿ ಲೈಕಾದಂಥ ಪುಟ್ಟ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಕೈಯಲ್ಲಿ ಹಿಡಿದು ಓಡಾಡುವುದು ಸುಲಭವಾಯಿತು. ಆಗಲೂ ಫಿಲ್ಮ್ ರೋಲಿಗೆ 36 ಫೋಟೊ, ಲೆಕ್ಕ ಇಟ್ಟು ತೆಗೆಯಬೇಕು. ಈಗ ಆ ಲೆಕ್ಕ ಇಲ್ಲ.

ಬೆಳಗ್ಗೆ ಮದುಮಗಳು ಸಿಂಗಾರ ಮಾಡಿಕೊಳ್ಳುವ ಕೋಣೆಗೆ ಹೋದ ತಕ್ಷಣ ಕಿಟಕಿ ಎಲ್ಲಿದೆ ಅಂತ ನೋಡುತ್ತೇನೆ. ಅವಳನ್ನು ಅದರ ಪಕ್ಕ ಕೂರಿಸಿ, ಕೋಣೆಯ ಹಳದಿ ದೀಪ ಆರಿಸಲು ಕೇಳುತ್ತೇನೆ. ಎರಡು ಬಗೆಯ ಬೆಳಕು ಸೇರಿದರೆ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ ಕಾಣುತ್ತದೆ. ಆಮೇಲೆ ಸರಿಮಾಡುವುದು ಕಷ್ಟ. ಮೊದಲ ಹತ್ತು ನಿಮಿಷ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾನು ಅಲ್ಲಿದ್ದೇನೆ ಅನ್ನುವುದೇ ಅವರಿಗೆ ಮರೆತುಹೋಗುತ್ತದೆ. ನಾನು ಬೇಗ ಬರುವುದು ಆ ಮರೆವಿಗಾಗಿ.

ಒಂದು ಮದುವೆಯಲ್ಲಿ ಮಗಳ ಕೋಣೆಯ ಹೊರಗೆ ಅಪ್ಪ ನಿಂತಿದ್ದರು. ಬಾಗಿಲು ತಟ್ಟಲು ಕೈ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಕೊನೆಗೆ ತಟ್ಟದೆ ಹೊರಟುಹೋದರು. ನಾನು ದೂರದಿಂದ ಎರಡೇ ಫೋಟೊ ತೆಗೆದೆ. ಮದುವೆಯ ಹೊತ್ತಿನಲ್ಲಿ ಅವರ ಮುಖ ಗಟ್ಟಿಯಾಗಿತ್ತು, ಒಂದು ಹನಿ ಕಣ್ಣೀರಿಲ್ಲ. ಬೆಳಗಿನದನ್ನು ನೋಡಿರದಿದ್ದರೆ ಆ ಮುಖ ನನಗೂ ಅರ್ಥವಾಗುತ್ತಿರಲಿಲ್ಲ.

ಮದುವೆ ನಡೆಯುವಾಗ ನನ್ನ ಮಾತು ನಿಲ್ಲುತ್ತದೆ. ಅಲ್ಲಿ 'ಇನ್ನೊಂದು ಸಲ ಮಾಡಿ' ಅಂತ ಕೇಳುವ ಹಾಗಿಲ್ಲ. ತೆಗೆದ ಪ್ರತಿ ಫೋಟೊ ಕ್ಯಾಮೆರಾದ ಎರಡೂ ಮೆಮೊರಿ ಕಾರ್ಡ್‌ಗಳಲ್ಲಿ ಉಳಿಯುವಂತೆ ಮೊದಲೇ ಹೊಂದಿಸಿರುತ್ತೇನೆ. ಒಂದು ಕಾರ್ಡ್ ಕೈಕೊಟ್ಟರೆ ಇನ್ನೊಂದಿದೆ. ಬೆಳಕು ಕಡಿಮೆಯಿದ್ದರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆಯನ್ನು, 3200ಕ್ಕೋ 6400ಕ್ಕೋ ಏರಿಸುತ್ತೇನೆ, ಫ್ಲಾಶ್ ಹೊಡೆಯುವುದಿಲ್ಲ. ಚಿತ್ರ ಸ್ವಲ್ಪ ತರಿತರಿಯಾಗಿ ಬಂದರೂ ಪರವಾಗಿಲ್ಲ, ಆ ಗಳಿಗೆಯನ್ನು ಕೆಡಿಸಬಾರದು. ಎಲ್ಲರ ಕಣ್ಣು ಗಂಡು-ಹೆಣ್ಣಿನ ಮೇಲಿರುವಾಗ ನಾನು ಒಮ್ಮೆ ಹಿಂದಕ್ಕೆ ತಿರುಗುತ್ತೇನೆ. ನೋಡುತ್ತಾ ಕೂತವರ ಮುಖಗಳಲ್ಲಿ ಅರ್ಧ ಮದುವೆ ಇರುತ್ತದೆ.

ಗ್ರೂಪ್ ಫೋಟೊ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಯಾರ್ಯಾರು ಬೇಕು ಅಂತ ಪಟ್ಟಿ ಮೊದಲೇ ಕೊಡಿ. ಎಲ್ಲರನ್ನೂ ಗುರುತು ಹಿಡಿದು ಕರೆತರುವ ಒಬ್ಬರು ನಿಮ್ಮ ಕಡೆಯಿಂದ ಇರಲಿ. ಪ್ರತಿ ಗುಂಪಿಗೆ ನಾಲ್ಕೈದು ಸಲ ಕ್ಲಿಕ್ ಮಾಡುತ್ತೇನೆ, ಯಾರಾದರೊಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ.

ಸೂರ್ಯ ಮುಳುಗುವ ಮುಂಚೆ ಹದಿನೈದು ನಿಮಿಷ ಗಂಡ-ಹೆಂಡತಿಯನ್ನು ನನಗೆ ಬಿಟ್ಟುಕೊಡಿ ಅಂತ ಕೇಳುತ್ತೇನೆ. ಬೆಳಕು ಓರೆಯಾಗಿ ಬೀಳುತ್ತದೆ, ಮೆತ್ತಗಿರುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ಬೆಳಗ್ಗೆಯಿಂದ ಮೊದಲ ಸಲ ಅವರಿಬ್ಬರೇ ಇರುತ್ತಾರೆ. ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಹಾಕಿ ದೂರ ನಿಲ್ಲುತ್ತೇನೆ. ಸುಮ್ನೆ ಮಾತಾಡ್ತಾ ನಡೀರಿ ಅನ್ನುತ್ತೇನೆ, ಪೋಸ್ ಹೇಳಿಕೊಡುವುದಿಲ್ಲ.

ರಾತ್ರಿ ಔತಣ, ಕುಣಿತದ ಹೊತ್ತಿಗೆ ಫ್ಲಾಶನ್ನು ಚಾವಣಿಯ ಕಡೆ ತಿರುಗಿಸುತ್ತೇನೆ. ಬೆಳಕು ಅಲ್ಲಿಂದ ಚದುರಿ ಎಲ್ಲರ ಮೇಲೂ ಬೀಳುತ್ತದೆ. ಆ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ, ಬೆಳಗಿನ ಬಿಗಿ ಮುಖದಲ್ಲಿ ಉಳಿದಿರುವುದಿಲ್ಲ.

ಆ ಮದುವೆಯ ಫೋಟೊಗಳನ್ನು ಕೊಟ್ಟ ದಿನ ಮಗಳು ಬಾಗಿಲ ಮುಂದಿನ ಅಪ್ಪನ ಫೋಟೊ ಬಂದಾಗ ನಿಂತುಬಿಟ್ಟಳು. ಅವರು ಹೊರಗೆ ನಿಂತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. "ಇದು ಎಷ್ಟು ಹೊತ್ತಿಗೆ ತೆಗೆದದ್ದು?" ಅಂತ ಕೇಳಿದಳು. ಫೋಟೊ ಜೊತೆ ದಾಖಲಾಗಿದ್ದ ಸಮಯ ನೋಡಿ ಹೇಳಿದೆ. ಬೆಳಗ್ಗೆ 6.20.